ಹುಡುಕಿದ್ದಕ್ಕೂ ಕೂಲಿ ಕೊಡಿ ಸ್ವಾಮಿ!

ಗ್ಯಾರೇಜಿನ ಬಿಲ್ಲನ್ನು ಯಾವತ್ತಾದರೂ ಗಮನವಿಟ್ಟು ನೋಡಿದ್ದೀರಾ? ಅದರಲ್ಲಿ ಇರೋದು ಎರಡೇ ಬಾಬ್ತು. ಒಂದು ಪಾರ್ಟ್ಸು, ಇನ್ನೊಂದು ಲೇಬರ್ರು. ಪಾರ್ಟ್ಸು ಅಂದರೆ ತಂದು ಹಾಕಿದ್ದು. ಲೇಬರ್ರು ಅಂದರೆ ಬಿಚ್ಚಿ ಕಟ್ಟಿದ್ದು. ಇವೆರಡಕ್ಕೂ ಮುಂಚೆ ಇನ್ನೊಂದು ಕೆಲಸ ಇದೆಯಲ್ಲ, ಏನಾಗಿದೆ ಅಂತ ಹುಡುಕುವುದು, ಅದಕ್ಕೆ ಬಿಲ್ಲಿನಲ್ಲಿ ಸಾಲೇ ಇಲ್ಲ. ಯಾರಾದರೂ ಕೇಳಿದರೆ "ಚೆಕ್ ಮಾಡೋದಕ್ಕೆಲ್ಲ ಏನ್ ದುಡ್ಡು?" ಅಂತ ನಾವೇ ಜಗಳಕ್ಕೆ ನಿಲ್ಲುತ್ತೇವೆ.

ನನ್ನ ವಾದ ಇಷ್ಟೇ. ಈ ಒಂದು ಸಾಲು ಇಲ್ಲದೇ ಇರೋದರಿಂದಲೇ ನಮ್ಮ ಪಿಕಪ್ ಗಾಡಿಯವರು ಬೇಡದ ಬ್ಯಾಟರಿ, ಬೇಡದ ಸೆನ್ಸಾರ್, ಬೇಡದ ಡೈನಮೋಗಳಿಗೆ ದುಡ್ಡು ಸುರಿಯುತ್ತಿದ್ದಾರೆ. ಅದರಲ್ಲೂ ಒಮ್ಮೆ ಬಂದು ಒಮ್ಮೆ ಹೋಗುವ ಕರೆಂಟಿನ ಕಾಯಿಲೆ ಇದ್ದರಂತೂ ಕೇಳಲೇಬೇಡಿ. ಅಂಥದ್ದರಲ್ಲಿ ರಿಪೇರಿ ಹತ್ತು ನಿಮಿಷದ್ದು, ಹುಡುಕಾಟ ಅರ್ಧ ದಿನದ್ದು. ನಾವು ಹತ್ತು ನಿಮಿಷಕ್ಕೆ ಮಾತ್ರ ದುಡ್ಡು ಕೊಡ್ತೀವಿ ಅಂದರೆ ಅರ್ಧ ದಿನ ಯಾರು ಹುಡುಕುತ್ತಾರೆ, ನೀವೇ ಹೇಳಿ.

ಬರಹ ಸ್ವಲ್ಪ ಉದ್ದ ಇದೆ. ಪಕ್ಕದಲ್ಲಿ ಕಾಫಿ ಇಟ್ಟುಕೊಂಡು ಓದಿ :)

ನಮ್ಮ ಪಾಳ್ಯ, ನಮ್ಮ ಗಾಡಿಗಳು

ಸುದ್ದಗುಂಟೆಪಾಳ್ಯ ಗೊತ್ತಿಲ್ಲದವರಿಗೆ ಹೇಳಿಬಿಡ್ತೀನಿ. ಒಂದು ಕಡೆ ಹೊಸೂರು ರಸ್ತೆ, ಕ್ರೈಸ್ಟ್ ಯೂನಿವರ್ಸಿಟಿ. (ನಮ್ಮ ಬಾಯಲ್ಲಿ ಇನ್ನೂ ಕ್ರೈಸ್ಟ್ ಕಾಲೇಜೇ.) ಇನ್ನೊಂದು ಕಡೆ ತಾವರೆಕೆರೆ, ಬಿಟಿಎಂ. ಮತ್ತೊಂದು ಕಡೆ ಡೇರಿ ಸರ್ಕಲ್ಲು, ಬನ್ನೇರುಘಟ್ಟ ರಸ್ತೆ. ನಡುವೆ ಇಕ್ಕಟ್ಟು ಗಲ್ಲಿಗಳು, ಪಿ.ಜಿ.ಗಳು, ದರ್ಶಿನಿಗಳು. ರಾತ್ರಿ ಹನ್ನೊಂದರ ಮೇಲೆ ಒಂದು ಸುತ್ತು ಹಾಕಿ ನೋಡಿ. ಗೋಡೆಗೆ ಅಂಟಿಸಿದ ಹಾಗೆ ನಿಲ್ಲಿಸಿರೋ ಟಾಟಾ ಏಸುಗಳು, ಬೊಲೆರೊ ಪಿಕಪ್ಪುಗಳು, ದೋಸ್ತುಗಳು ಕಾಣುತ್ತವೆ. ನೀವು ಕುಡಿಯೋ ಕ್ಯಾನ್ ನೀರು, ತಿನ್ನೋ ತರಕಾರಿ, ಮನೆ ಬದಲಿಸುವಾಗಿನ ಮಂಚ ಬೀರು ಎಲ್ಲಾ ಬರೋದು ಇವುಗಳ ಬೆನ್ನ ಮೇಲೆಯೇ. ಎಷ್ಟೋ ಗಾಡಿಗಳಿಗೆ ಮಾಲೀಕನೇ ಡ್ರೈವರ್, ಅವನೇ ಲೋಡ್ ಮಾಡುವವನು, ಅವನೇ ಲೋನು ಕಟ್ಟುವವನು. ಗಾಡಿ ನಿಂತ ದಿನ ಬಾಡಿಗೆ ನಿಲ್ಲುತ್ತೆ. ಇಎಂಐ ನಿಲ್ಲೋದಿಲ್ಲ.

ಈ ಗಾಡಿಗಳ ಹೊಟ್ಟೆಯೊಳಗಿನ ಕತೆಗೂ ನಮ್ಮ ಏರಿಯಾಕ್ಕೂ ಒಂದು ನಂಟಿದೆ. ಪಕ್ಕದ ಆಡುಗೋಡಿಯ ಮೈಕೋ ಕಾರ್ಖಾನೆ ನಿಮಗೆ ಗೊತ್ತಿರಬೇಕು. 1951ರಲ್ಲಿ ಹುಟ್ಟಿದ ಕಂಪನಿ. ಡೀಸೆಲ್ ಪಂಪು, ನಾಜಲ್ಲು, ಸ್ಪಾರ್ಕ್ ಪ್ಲಗ್ಗು ಮಾಡಿದ ಹೆಸರು. ಬಿಟಿಎಂ ಪಕ್ಕದ ಮೈಕೋ ಲೇಔಟಿಗೆ ಹೆಸರು ಬಂದದ್ದೂ ಅಲ್ಲಿಂದಲೇ. 2008ರಲ್ಲಿ ಮೈಕೋ ಅನ್ನೋ ಹೆಸರು ಹೋಗಿ ಬಾಷ್ ಲಿಮಿಟೆಡ್ ಆಯ್ತು. ಮೆಷೀನುಗಳ ಸದ್ದಿದ್ದ ಅದೇ ಆಡುಗೋಡಿಯಲ್ಲಿ 2022ರಲ್ಲಿ ಸ್ಮಾರ್ಟ್ ಕ್ಯಾಂಪಸ್ ಉದ್ಘಾಟನೆಯಾಯ್ತು. ಉಕ್ಕಿನ ಪಂಪಿನಿಂದ ಕಂಪ್ಯೂಟರಿನ ಕಡೆಗೆ... ಡೀಸೆಲ್ ಗಾಡಿಯ ಕತೆಯೂ ಅದೇ.

ಹಳೇ ಡೀಸೆಲ್ ಎಂಜಿನ್ನಿಗೆ ಓಡುತ್ತಾ ಇರೋದಕ್ಕೆ ಕರೆಂಟೇ ಬೇಕಿರಲಿಲ್ಲ. ಪೆಟ್ರೋಲ್ ಎಂಜಿನ್ನಿನ ಹಾಗೆ ಕಿಡಿ ಬೇಡ. ಗಾಳಿಯನ್ನು ಒತ್ತಿ ಒತ್ತಿ ಬಿಸಿ ಮಾಡಿ, ಅದಕ್ಕೆ ಡೀಸೆಲ್ ಚಿಮ್ಮಿಸಿದರೆ ತಾನೇ ಹೊತ್ತಿಕೊಳ್ಳುತ್ತೆ. ಚಿಮ್ಮಿಸುವ ಪಂಪು ಗೇರಿನಿಂದಲೋ ಬೆಲ್ಟಿನಿಂದಲೋ ತಿರುಗುತ್ತಿತ್ತು. ಸೆಲ್ಫ್ ಹೊಡೆಯೋಕೆ, ಹೀಟರ್ ಪ್ಲಗ್ಗಿಗೆ, ಲೈಟಿಗೆ, ಹಾರನ್ನಿಗೆ ಮಾತ್ರ ಬ್ಯಾಟರಿ. ಕೆಲವು ಗಾಡಿಗಳಲ್ಲಿ ಡೀಸೆಲ್ ನಿಲ್ಲಿಸೋಕೆ ಒಂದು ಸೊಲೆನಾಯ್ಡ್ ಇರುತ್ತಿತ್ತು, ಅಷ್ಟೇ. ಬ್ಯಾಟರಿ ಸತ್ತಿದ್ದರೆ ನಾಲ್ಕು ಜನ ತಳ್ಳಿ, ಸೆಕೆಂಡ್ ಗೇರಿಗೆ ಹಾಕಿ ಕ್ಲಚ್ ಬಿಟ್ಟರೆ ಮುಗೀತು, ಊರು ಮುಟ್ಟಬಹುದಿತ್ತು. 2005ರಲ್ಲಿ ಬಂದ ಮೊದಲ ಟಾಟಾ ಏಸಿನ ಎರಡು ಸಿಲಿಂಡರಿನ ಎಂಜಿನ್ನೂ ಇದೇ ಹಳೇ ಜಾತಿಯದು.

ಆಮೇಲೆ ಹೊಗೆಯ ಕಾನೂನು ಬಿಗಿಯಾಯ್ತು. 2017ರ ಏಪ್ರಿಲ್‌ನಿಂದ ದೇಶಕ್ಕೆಲ್ಲ ಬಿಎಸ್ 4, 2020ರ ಏಪ್ರಿಲ್‌ನಿಂದ ಬಿಎಸ್ 6. ಒಳ್ಳೆಯದೇ ಆಯ್ತು, ನಮ್ಮ ಮಕ್ಕಳ ಶ್ವಾಸಕೋಶಕ್ಕೂ ಬೇಕಲ್ಲ. ಅದರ ಜೊತೆಗೆ ಸಣ್ಣ ಪಿಕಪ್ಪಿಗೂ ಕಾಮನ್ ರೈಲ್ ಬಂತು. ಸಾವಿರ ಬಾರ್‌ಗೂ ಮೀರಿದ ಒತ್ತಡದಲ್ಲಿ ಡೀಸೆಲ್ ಕಾದಿರುತ್ತೆ. ಯಾವ ಇಂಜೆಕ್ಟರ್ ಯಾವ ಕ್ಷಣದಲ್ಲಿ ಎಷ್ಟು ಹೊತ್ತು ತೆರೆಯಬೇಕು ಅನ್ನೋದನ್ನ ಇ.ಸಿ.ಯು. ಅನ್ನೋ ಒಂದು ಡಬ್ಬಿ ಲೆಕ್ಕ ಹಾಕಿ ಹೇಳುತ್ತೆ. ಆ ಡಬ್ಬಿಗೆ ಅರೆಕ್ಷಣ ಕರೆಂಟು ತಪ್ಪಿದರೂ ಎಂಜಿನ್ ಆಫ್. ತಳ್ಳಿದರೂ ಅಷ್ಟೇ, ಬೈದರೂ ಅಷ್ಟೇ.

ಅಂದರೆ ಒಂದು ಸಡಿಲ ವೈರು ಹಿಂದೆ ಹಾರನ್ ಕೆಡಿಸುತ್ತಿತ್ತು. ಈಗ ಅದೇ ಸಡಿಲ ವೈರು ಗಾಡಿಯನ್ನೇ ನಡುರಸ್ತೆಯಲ್ಲಿ ನಿಲ್ಲಿಸುತ್ತೆ. ಕಾಯಿಲೆ ಹಳೆಯದೇ, ಪರಿಣಾಮ ಮಾತ್ರ ದೊಡ್ಡದಾಗಿದೆ.

ಡಾಕ್ಟರ ಮುಂದೆ ಮಾಯವಾಗುವ ಹಲ್ಲುನೋವು

ಪೂರ್ತಿ ಕೆಟ್ಟಿದ್ದನ್ನ ಹುಡುಕೋದು ಸುಲಭ. ಬಲ್ಬು ಸುಟ್ಟಿದ್ದರೆ ಸುಟ್ಟೇ ಇರುತ್ತೆ, ಫ್ಯೂಸ್ ಹೋಗಿದ್ದರೆ ಹೋಗೇ ಇರುತ್ತೆ. ಬಂದು ಹೋಗುವ ಕಾಯಿಲೆಯದ್ದು ಹಾಗಲ್ಲ. ಗಾಡಿ ಗ್ಯಾರೇಜಿಗೆ ಬಂದಾಗ ಎಲ್ಲಾ ಸರಿ ಇರುತ್ತೆ. ಮೀಟರ್ ಇಟ್ಟರೆ ಸರಿ, ಸ್ಕ್ಯಾನರ್ ಹಾಕಿದರೆ ಸರಿ. ಗೇಟು ದಾಟಿ ಸಿಲ್ಕ್ ಬೋರ್ಡ್ ಮುಟ್ಟೋ ಹೊತ್ತಿಗೆ ಮತ್ತೆ ಶುರು.

ಯಾಕೆ ಹೀಗೆ? ಇಂಥ ಕಾಯಿಲೆಗೆ ಯಾವಾಗಲೂ ಒಂದು ಸಂದರ್ಭ ಬೇಕು. ಬಿಸಿ ಆದಾಗ ಮಾತ್ರ ಬಿಟ್ಟುಕೊಳ್ಳುವ ಬೆಸುಗೆ ಇರುತ್ತೆ. ಮಳೆ ನೀರು ಇಳಿದಾಗ ಮಾತ್ರ ಕೆಡುವ ಕಪ್ಲರ್ ಇರುತ್ತೆ. ಲೋಡು ತುಂಬಿ ಚಾಸಿ ತುಸು ಬಾಗಿದಾಗ ಮಾತ್ರ ಎಳೆದುಕೊಳ್ಳುವ ವೈರು ಇರುತ್ತೆ. ಗ್ಯಾರೇಜಿನಲ್ಲಿ ಗಾಡಿ ಖಾಲಿ, ತಣ್ಣಗೆ, ನೆರಳಲ್ಲಿ, ಲೈಟ್ ಆಫ್ ಆಗಿ ನಿಂತಿರುತ್ತೆ. ಅಲ್ಲಿ ಅದು ಸಿಗಬೇಕಾದರೂ ಹೇಗೆ?

ಒಂದು ಉದಾಹರಣೆ ಹೇಳ್ತೀನಿ. ನಮ್ಮ ಪಕ್ಕದ ಕ್ರಾಸಿನಲ್ಲಿ ಒಬ್ಬರದು ತರಕಾರಿ ಗಾಡಿ. ಬೆಳಗಿನ ಜಾವ ಮೂರಕ್ಕೆ ಕಲಾಸಿಪಾಳ್ಯಕ್ಕೆ ಹೋಗಿ ಲೋಡು ತಂದು ತಾವರೆಕೆರೆ, ಬಿಟಿಎಂ, ಮಡಿವಾಳದ ಅಂಗಡಿಗಳಿಗೆ ಹಾಕುತ್ತಾರೆ. ಗಾಡಿ ಯಾವ ಕಂಪನಿಯದು, ಯಾವ್ಯಾವ ಗ್ಯಾರೇಜಿಗೆ ಹೋಗಿತ್ತು ಅನ್ನೋದೆಲ್ಲ ಬೇಡ. ಯಾಕಂದರೆ ತಪ್ಪು ಒಂದು ಅಂಗಡಿಯದಲ್ಲ, ಒಂದು ರೂಢಿಯದು.

ಮಳೆಗಾಲದಲ್ಲಿ ಶುರುವಾಯ್ತು ತೊಂದರೆ. ಲೋಡು ಹೊತ್ತು ಬರುವಾಗ ಹಂಪ್ ಹಾರಿದರೋ ಗುಂಡಿಗೆ ಇಳಿದರೋ ಡ್ಯಾಶ್‌ಬೋರ್ಡಿನ ದೀಪಗಳೆಲ್ಲ ಒಮ್ಮೆ ಮಿಣುಕಿ ಎಂಜಿನ್ ಬಂದ್. ಐದು ನಿಮಿಷ ಬಿಟ್ಟು ಕೀ ತಿರುಗಿಸಿದರೆ ಏನೂ ಆಗಿಲ್ಲ ಅನ್ನೋ ಹಾಗೆ ಸ್ಟಾರ್ಟ್. ದಿನಾ ಆಗ್ತಿರಲಿಲ್ಲ. ವಾರಕ್ಕೆ ಎರಡು ಸಲ, ಒಂದು ವಾರ ಏನೂ ಇಲ್ಲ, ಆಮೇಲೆ ಒಂದೇ ದಿನ ಮೂರು ಸಲ.

ಮೊದಲನೇ ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿದರು. ಪಿ0562 ಅಂತ ಕೋಡ್ ಬಂತು. ಹಾಗಂದರೆ ವೋಲ್ಟೇಜ್ ಕಡಿಮೆ ಅಂತ ಅರ್ಥ. ಸರಿ, ಬ್ಯಾಟರಿ ಬದಲಾಯ್ತು, ಆರೂವರೆ ಸಾವಿರ. ಹತ್ತು ದಿನ ಮಳೆ ಬರಲಿಲ್ಲ, ಗಾಡಿಯೂ ನಿಲ್ಲಲಿಲ್ಲ. "ನೋಡಿದ್ರಾ, ಬ್ಯಾಟರಿನೇ" ಅಂದರು. ಹನ್ನೊಂದನೇ ದಿನ ಡೇರಿ ಸರ್ಕಲ್ಲಿನ ಹತ್ತಿರ ನಿಂತಿತು. ಡೈನಮೋ ಬಿಚ್ಚಿ ಓವರ್‌ಹಾಲ್ ಮಾಡಿದರು, ನಾಲ್ಕು ಸಾವಿರ. ಆಮೇಲೆ ಇನ್ನೊಬ್ಬರು "ಓಡ್ತಾ ಓಡ್ತಾ ಆಫ್ ಆದ್ರೆ ಕ್ರ್ಯಾಂಕ್ ಸೆನ್ಸಾರೇ" ಅಂದರು, ಸಾವಿರದ ಎಂಟ್ನೂರು. ಕೊನೆಗೆ ಕೀ ಸ್ವಿಚ್ಚು, ಸಾವಿರದ ಇನ್ನೂರು. ಒಟ್ಟು ಹದಿಮೂರೂವರೆ ಸಾವಿರ. ಅದರ ಮೇಲೆ ಆರು ದಿನದ ಬಾಡಿಗೆ, ಬಾಡಿಹೋದ ಎರಡು ಲೋಡು ಸೊಪ್ಪು. ಸೊಪ್ಪಿನ ಗಿರಾಕಿ ಒಬ್ಬ ಬೇರೆ ಗಾಡಿ ಗೊತ್ತು ಮಾಡಿಕೊಂಡ. ಅದಕ್ಕೆ ಬೆಲೆ ಕಟ್ಟೋರು ಯಾರು?

ಗಮನಿಸಿ, ಇವರಲ್ಲಿ ಯಾರೂ ಮೋಸಗಾರರಲ್ಲ. ಓಡುವಾಗ ಎಂಜಿನ್ ನಿಲ್ಲೋದಕ್ಕೆ ಕ್ರ್ಯಾಂಕ್ ಸೆನ್ಸಾರ್ ಕಾರಣ ಇರಬಹುದು ಅನ್ನೋದು ನಿಜವೇ. ಬಿಸಿಯಾದಾಗ ಕೈಕೊಟ್ಟು ತಣ್ಣಗಾದ ಮೇಲೆ ಸರಿಹೋಗುವ ಸೆನ್ಸಾರುಗಳು ಇದ್ದೇ ಇವೆ. ಆದರೆ "ಇರಬಹುದು" ಅನ್ನೋದು ಊಹೆ. ಊಹೆಯನ್ನ ಪರೀಕ್ಷೆ ಮಾಡದೆ ಪಾರ್ಟ್ ಬದಲಿಸಿದರೆ ಆ ಪರೀಕ್ಷೆಯ ಖರ್ಚು ಗಿರಾಕಿಯದು. ಇನ್ನೂ ಒಂದು ವಿಷಯ. ಪ್ರತಿ ಸಲವೂ ಸ್ಕ್ಯಾನರಿನಲ್ಲಿ ಕೋಡ್ ಅಳಿಸಿ ಕಳಿಸಿದ್ದರು. ಕಳ್ಳತನ ಆದ ಮನೆಯನ್ನ ಪೊಲೀಸರು ಬರೋ ಮೊದಲೇ ಗುಡಿಸಿ ಸಾರಿಸಿದ ಹಾಗೆ.

ಮೂರು ಪ್ರಶ್ನೆ, ಒಂದು ಬೋಲ್ಟು

ಕೊನೆಗೆ ಗಾಡಿ ಹೋಗಿದ್ದು ನಮ್ಮ ಪಾಳ್ಯದ್ದೇ ಒಂದು ಗಲ್ಲಿಯಲ್ಲಿ ಕೂರುವ ಆಟೋ ಎಲೆಕ್ಟ್ರಿಷಿಯನ್ ಹತ್ತಿರ. ವಯಸ್ಸಾದ ಮನುಷ್ಯ. ಎಲ್ಲರಿಗೂ "ಭಾಯ್". ಅಂಗಡಿ ಅಂದರೆ ಒಂದು ಶೀಟಿನ ನೆರಳು, ಒಂದು ಮರದ ಪೆಟ್ಟಿಗೆ, ಒಂದು ಮಲ್ಟಿಮೀಟರ್. ಅವರು ಬಾನೆಟ್ ಎತ್ತಲೇ ಇಲ್ಲ. ಮೊದಲು ಪ್ರಶ್ನೆ ಕೇಳಿದರು.

"ಯಾವ ಟೈಮಲ್ಲಿ ಆಗುತ್ತೆ ಅಣ್ಣ? ಹಗಲಲ್ಲಿ ಯಾವತ್ತಾದ್ರೂ ಆಗಿದ್ಯಾ?"

ಗಾಡಿಯವರು ಯೋಚಿಸಿ, ಇಲ್ಲ, ಕತ್ತಲಿರುವಾಗಲೇ ಹೆಚ್ಚು ಅಂದರು.

"ಆವಾಗ ಏನೇನ್ ಆನ್ ಇರುತ್ತೆ?"

ಹೆಡ್‌ಲೈಟು, ವೈಪರ್ರು, ಗಾಜಿಗೆ ಹಬೆ ಕಟ್ಟದಿರಲಿ ಅಂತ ಬ್ಲೋವರ್ರು.

"ಇದು ಶುರು ಆಗೋಕ್ ಮುಂಚೆ ಗಾಡಿಗೆ ಏನ್ ಕೆಲಸ ಮಾಡಿಸಿದ್ರಿ?"

ಇದನ್ನ ಯಾರೂ ಕೇಳಿರಲಿಲ್ಲ. ಗಾಡಿ ಮುಂದಿನಿಂದ ಸಣ್ಣದಾಗಿ ಗುದ್ದಿಸಿಕೊಂಡು ಟಿಂಕರಿಂಗ್, ಪೇಂಟಿಂಗ್ ಆಗಿತ್ತು. ಅದಾದ ಮೂರು ವಾರಕ್ಕೆ ತೊಂದರೆ ಶುರು.

ಅಷ್ಟು ಕೇಳಿದ ಮೇಲೆ ಭಾಯ್ ಎಂಜಿನ್ ಸ್ಟಾರ್ಟ್ ಮಾಡಿಸಿದರು. ಹೆಡ್‌ಲೈಟ್, ವೈಪರ್, ಬ್ಲೋವರ್ ಎಲ್ಲಾ ಆನ್ ಮಾಡಿಸಿ, ಬ್ರೇಕ್ ಒತ್ತಿ ಹಿಡಿಯೋಕೆ ಹೇಳಿದರು. ಮೀಟರಿನ ಒಂದು ಕಡ್ಡಿಯನ್ನ ಬ್ಯಾಟರಿಯ ನೆಗೆಟಿವ್ ಕಂಬಕ್ಕೆ, ಇನ್ನೊಂದನ್ನ ಎಂಜಿನ್ ಮೈಗೆ ಇಟ್ಟರು. 0.1 ವೋಲ್ಟ್. ಸರಿ ಇದೆ. ಎರಡನೇ ಕಡ್ಡಿಯನ್ನ ಕ್ಯಾಬಿನ್ನಿನ ಬಾಡಿಗೆ ಇಟ್ಟರು. 1.4. ಹುಡುಗನಿಗೆ ಕ್ಯಾಬಿನ್ ಅಲ್ಲಾಡಿಸು ಅಂದರು. ಅಂಕಿ ನಾಲ್ಕು ದಾಟಿ ಕುಣಿಯಿತು, ಲೈಟು ಮಂಕಾಯಿತು. ಎಂಜಿನ್ ಬಂದ್!

ಬಾಡಿ ಅರ್ಥಿಂಗ್ ಪಟ್ಟಿಯನ್ನ ಪೇಂಟ್ ಅಂಗಡಿಯವರು ಹೊಸ ಬಣ್ಣದ ಮೇಲೆಯೇ ಕೂರಿಸಿ ಬೋಲ್ಟ್ ಬಿಗಿದಿದ್ದರು. ಬಣ್ಣ ಕರೆಂಟಿಗೆ ದಾರಿ ಬಿಡೋದಿಲ್ಲ. ಬೋಲ್ಟಿನ ಎಳೆಗಳ ಮೂಲಕ ಹೇಗೋ ಹರಿಯುತ್ತಿತ್ತು. ಮಳೆ ನೀರು ಕೂತು ಅದೂ ಕಿಲುಬು ಹಿಡಿದಿತ್ತು. ಇ.ಸಿ.ಯು.ನ ಅರ್ಥ್ ಬರುತ್ತಿದ್ದದ್ದೂ ಅದೇ ಜಾಗದಿಂದ. ಭಾಯ್ ಬಿಚ್ಚಿ, ಉಪ್ಪುಕಾಗದದಲ್ಲಿ ಬಣ್ಣ ಕೆರೆದು, ಪಟ್ಟಿಯ ಕಿಲುಬು ತಿಕ್ಕಿ, ಸ್ಟಾರ್ ವಾಷರ್ ಹಾಕಿ ಬಿಗಿದು, ಮೇಲೆ ಗ್ರೀಸ್ ಸವರಿದರು. ಮತ್ತೆ ಎಲ್ಲಾ ಆನ್ ಮಾಡಿಸಿ ನೋಡಿದರೆ 0.1. ಕ್ಯಾಬಿನ್ ಎಷ್ಟು ಅಲ್ಲಾಡಿಸಿದರೂ 0.1.

ಕೂಲಿ ಎಂಟ್ನೂರು ಕೇಳಿದರು. ನಮ್ಮ ತರಕಾರಿ ಗಾಡಿಯವರು ತಕ್ಷಣ, "ಒಂದು ಬೋಲ್ಟಿಗೆ ಎಂಟ್ನೂರಾ ಭಾಯ್?" ಅಂದರು. ನಾನೂರಕ್ಕೆ ಮುಗೀತು.

ಹದಿಮೂರೂವರೆ ಸಾವಿರಕ್ಕೆ ಚೌಕಾಸಿ ಇರಲಿಲ್ಲ. ಎಂಟ್ನೂರಕ್ಕೆ ಚೌಕಾಸಿ! ಆಮೇಲೆ ನಾನು ಕೇಳಿದೆ, ಯಾಕೆ ಹೀಗೆ ಅಂತ. ಅವರ ಉತ್ತರ ನನ್ನ ತಲೆಯಲ್ಲಿ ಉಳಿದುಬಿಟ್ಟಿದೆ. "ಪಾರ್ಟಿಗೆ ಬಾಕ್ಸ್ ಇರುತ್ತೆ ಸಾರ್. ಬಾಕ್ಸ್ ಮೇಲೆ ರೇಟ್ ಇರುತ್ತೆ. ಇವರು ಹುಡುಕಿದ್ದಕ್ಕೆ ರೇಟ್ ಎಲ್ಲಿ ಬರೆದಿರುತ್ತೆ?"

ಸುತ್ತಿಗೆಯ ಒಂದು ಏಟಿಗೆ ಒಂದು ರೂಪಾಯಿ, ಎಲ್ಲಿ ಹೊಡೆಯಬೇಕು ಅನ್ನೋದು ಗೊತ್ತಿದ್ದಕ್ಕೆ ಉಳಿದ ದುಡ್ಡು ಅನ್ನೋ ಕತೆಯನ್ನ ನಾವೆಲ್ಲ ಫಾರ್ವರ್ಡ್ ಮಾಡಿದವರೇ. ಗ್ಯಾರೇಜಿನ ಮುಂದೆ ನಿಂತಾಗ ಮಾತ್ರ ಅದು ನೆನಪಿಗೆ ಬರೋದಿಲ್ಲ.

ಸ್ವಲ್ಪ ಲೆಕ್ಕ (ಹೆದರಬೇಡಿ)

ಹೈಸ್ಕೂಲಿನ ಓಮ್ ನಿಯಮ ನೆನಪಿದೆಯಾ? ಕರೆಂಟನ್ನ ರೋಧದಿಂದ ಗುಣಿಸಿದರೆ ವೋಲ್ಟೇಜು. ಅಷ್ಟು ಸಾಕು. ಎರಡು ಹೆಡ್‌ಲೈಟಿಗೆ ಹತ್ತಿರ ಹತ್ತಿರ 10 ಆಂಪಿಯರ್. ವೈಪರ್, ಬ್ಲೋವರ್, ಬ್ರೇಕ್ ಲೈಟು ಸೇರಿದರೆ 25ರ ಆಸುಪಾಸು. ಅರ್ಥಿಂಗಿನಲ್ಲಿ ಬರೀ 0.08 ಓಮ್ ರೋಧ ಇದ್ದರೆ 25 ಆಂಪಿಯರಿಗೆ 2 ವೋಲ್ಟ್ ದಾರಿಯಲ್ಲೇ ಸೋರಿಹೋಗುತ್ತೆ. ಹಗಲಲ್ಲಿ ಲೈಟಿಲ್ಲದೆ 4 ಆಂಪಿಯರ್ ಹರಿದರೆ ಸೋರೋದು 0.32 ವೋಲ್ಟ್ ಮಾತ್ರ. ಯಾರಿಗೂ ಗೊತ್ತೇ ಆಗೋದಿಲ್ಲ. ಹಗಲಲ್ಲಿ ಸಿಗದ ಕಾಯಿಲೆ ರಾತ್ರಿ ಬರೋದರ ಗುಟ್ಟು ಇದು. ಅದರ ಮೇಲೆ ಹಂಪಿನ ಕುಲುಕಾಟ ಸೇರಿ ರೋಧ ಒಮ್ಮೆಲೇ ಏರಿದರೆ ಇ.ಸಿ.ಯು.ಗೆ ಉಸಿರೇ ಇಲ್ಲ.

ಮೀಟರನ್ನ ಓಮ್‌ಗೆ ಇಟ್ಟು ನೋಡಿದರೆ ಸಿಗೋದಿಲ್ವಾ ಅಂತ ಕೇಳಬಹುದು. ಸಿಗೋದಿಲ್ಲ. ಸಾಮಾನ್ಯ ಮೀಟರಿನ ಎರಡು ಕಡ್ಡಿಗಳನ್ನ ಒಂದಕ್ಕೊಂದು ತಾಗಿಸಿದರೇ 0.2, 0.3 ಓಮ್ ತೋರಿಸುತ್ತೆ. ಅದರೊಳಗೆ 0.08 ಎಲ್ಲಿ ಕಾಣಬೇಕು? ಇಪ್ಪತ್ತು ಎಳೆಯ ವೈರಿನಲ್ಲಿ ಹತ್ತೊಂಬತ್ತು ತುಂಡಾಗಿ ಒಂದೇ ಉಳಿದಿದ್ದರೂ ಮೀಟರ್ "ಸರಿ ಇದೆ" ಅಂತ ಬೀಪ್ ಹೊಡೆಯುತ್ತೆ. ಖಾಲಿ ಸೇತುವೆಯನ್ನ ನೋಡಿ ಗಟ್ಟಿ ಇದೆ ಅಂದ ಹಾಗೆ. ಲಾರಿ ಹೋದಾಗಲೇ ಗೊತ್ತಾಗೋದು. ಅದಕ್ಕೇ ಲೋಡು ಹಾಕಿ ವೋಲ್ಟೇಜ್ ಎಲ್ಲಿ ಸೋರುತ್ತೆ ಅಂತ ನೋಡಬೇಕು. ಇದಕ್ಕೆ ಬೇಕಾಗಿರೋದು ಕೆಲವು ನೂರು ರೂಪಾಯಿಯ ಮೀಟರ್ರು ಮತ್ತು ತಾಳ್ಮೆ. ಮೀಟರ್ ಎಲ್ಲ ಅಂಗಡಿಯಲ್ಲೂ ಸಿಗುತ್ತೆ...

ನೆನಪಿಡೋಕೆ ಕೆಲವು ಅಂಕಿ ಕೊಡ್ತೀನಿ. ರಾತ್ರಿ ನಿಂತ ಗಾಡಿಯ ಬ್ಯಾಟರಿ ಬೆಳಿಗ್ಗೆ 12.6 ವೋಲ್ಟಿನ ಹತ್ತಿರ ಇದ್ದರೆ ತುಂಬಿದೆ ಅಂತ, 12.2 ಅಂದರೆ ಹೆಚ್ಚು ಕಡಿಮೆ ಅರ್ಧ. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.4. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬೀಳಬಾರದು. ಬ್ಯಾಟರಿ ನೆಗೆಟಿವ್‌ಗೂ ಬಾಡಿಗೂ ನಡುವೆ ಎಲ್ಲಾ ಆನ್ ಇದ್ದಾಗ 0.2ರ ಒಳಗಿರಬೇಕು. ಇವಿಷ್ಟು ಸರಿ ಇದ್ದರೆ ಬ್ಯಾಟರಿ, ಡೈನಮೋ, ಬಾಡಿ ಅರ್ಥಿಂಗ್ ಮೂರನ್ನೂ ಬಹುಮಟ್ಟಿಗೆ ಪಕ್ಕಕ್ಕಿಟ್ಟು ಮುಂದೆ ಹುಡುಕಬಹುದು. ಪಕ್ಕಕ್ಕಿಡೋದೂ ಹುಡುಕಾಟದ ಅರ್ಧ ಭಾಗವೇ.

ಬಿಡಬೇಕಾದ ಕೆಲವು ಅಭ್ಯಾಸಗಳು

ಮೆಕ್ಯಾನಿಕ್ ಪರ ಮಾತಾಡ್ತಿದ್ದೀನಿ ಅಂತ ಎಲ್ಲದಕ್ಕೂ ಭೇಷ್ ಅನ್ನೋಕಾಗಲ್ಲ. ಓಡ್ತಿರೋ ಎಂಜಿನ್ನಿನಲ್ಲಿ ಬ್ಯಾಟರಿ ವೈರ್ ಕಿತ್ತು "ಡೈನಮೋ ಚೆಕ್" ಮಾಡೋ ಅಭ್ಯಾಸ ಇನ್ನೂ ಇದೆ. ಹಳೇ ಗಾಡಿಗೆ ನಡೀತಿತ್ತು. ಈಗ ಆ ಕ್ಷಣಕ್ಕೆ ಏಳುವ ವೋಲ್ಟೇಜಿನ ಅಲೆಗೆ ಇ.ಸಿ.ಯು. ಸುಟ್ಟರೆ ಅದರ ಬೆಲೆಗೆ ನಾಲ್ಕು ಬ್ಯಾಟರಿ ಬಂದಾವು. ವೈರನ್ನ ಬಾಡಿಗೆ ತಾಗಿಸಿ ಕಿಡಿ ನೋಡೋದೂ ಅಷ್ಟೇ. ಟೆಸ್ಟ್ ಲ್ಯಾಂಪು ಒಳ್ಳೆ ಸಾಧನವೇ. 21 ವ್ಯಾಟಿನ ಇಂಡಿಕೇಟರ್ ಬಲ್ಬು ಒಂದೂ ಮುಕ್ಕಾಲು ಆಂಪಿಯರ್ ಎಳೆದು ವೈರಿನ ನಿಜವಾದ ತಾಕತ್ತು ತೋರಿಸುತ್ತೆ. ಆದರೆ ಸೆನ್ಸಾರ್ ವೈರಿಗೆ ಅದನ್ನ ತಾಗಿಸಬಾರದು. ವೈರಿಗೆ ಸೂಜಿ ಚುಚ್ಚಿ ನೋಡಿ ಹಾಗೇ ಬಿಟ್ಟರೆ ಆ ತೂತಿನಿಂದ ನೀರಿಳಿದು ಆರು ತಿಂಗಳಿಗೆ ಅಲ್ಲೇ ಹೊಸ ಕಿಲುಬು.

ಗಾಡಿಯವರದ್ದೂ ಇದೆ. ಡಬಲ್ ಹಾರನ್ನು, ಎಲ್‌ಇಡಿ ಪಟ್ಟಿ, ಮ್ಯೂಸಿಕ್ ಸೆಟ್ಟು, ಜಿಪಿಎಸ್ಸು... ಎಲ್ಲಾ ಯಾವುದೋ ವೈರಿನ ಸಿಪ್ಪೆ ಸುಲಿದು ಸುತ್ತಿ ಇನ್ಸುಲೇಷನ್ ಟೇಪ್ ಹಾಕಿದ್ದು. ಬಿಸಿಲಿಗೆ ಟೇಪಿನ ಅಂಟು ಕರಗುತ್ತೆ, ಮಳೆಗೆ ಬಿಚ್ಚಿಕೊಳ್ಳುತ್ತೆ. ಫ್ಯೂಸ್ ಪದೇ ಪದೇ ಹೋಗುತ್ತೆ ಅಂತ ಹತ್ತರ ಜಾಗಕ್ಕೆ ಮೂವತ್ತರದ್ದು ಹಾಕೋರಿದ್ದಾರೆ. ಆಗ ಫ್ಯೂಸ್ ಬದಲು ವೈರೇ ಸುಡುತ್ತೆ. ಇಲಿಗಳ ಬಗ್ಗೆ ಬರೆದರೆ ಇನ್ನೊಂದು ಬರಹವೇ ಆಗುತ್ತೆ, ಬಿಡಿ.

ಹಾಗಾದರೆ ಏನು ಮಾಡೋಣ?

ಹುಡುಕಿದ್ದಕ್ಕೆ ದುಡ್ಡು ಕೊಡಿ ಅಂದರೆ ಒಂದು ಪ್ರಶ್ನೆ ಬಂದೇ ಬರುತ್ತೆ. "ಹುಡುಕಿಯೂ ಸಿಗದಿದ್ದರೆ? ಸುಮ್ಮನೆ ಕೂತು ಟೀ ಕುಡಿದು ದುಡ್ಡು ಕೇಳಿದರೆ?" ನ್ಯಾಯವಾದ ಪ್ರಶ್ನೆ. ದಿನದ ದುಡಿಮೆಯಲ್ಲಿ ಬದುಕೋ ಮನುಷ್ಯ ಸಿಗದ ವಸ್ತುವಿಗೆ ದುಡ್ಡು ಕೊಡೋದು ಕಷ್ಟ. ಆದರೆ ಡಾಕ್ಟರಿಗೆ, ಲ್ಯಾಬಿಗೆ ಕೊಡ್ತೀವಲ್ಲ. ರಕ್ತ ಪರೀಕ್ಷೆಯಲ್ಲಿ ಏನೂ ಇಲ್ಲ ಅಂತ ಬಂದರೆ ದುಡ್ಡು ವಾಪಸ್ ಕೇಳ್ತೀವಾ? ಸದ್ಯ ಏನೂ ಇಲ್ವಲ್ಲ ಅಂತ ನಿಟ್ಟುಸಿರು ಬಿಡ್ತೀವಿ. ಯಾಕಂದರೆ ಅಲ್ಲಿ ಒಂದು ಕಾಗದ ಕೈಗೆ ಸಿಗುತ್ತೆ.

ನನ್ನ ಸಲಹೆ ಅದೇ, ಕಾಗದ. ಹುಡುಕಾಟಕ್ಕೆ ಮೊದಲೇ ಒಂದು ರೇಟು, ಒಂದು ಸಮಯ ಮಾತಾಡಿಕೊಳ್ಳಿ. ಎರಡು ಗಂಟೆಗೆ ಇಷ್ಟು ಅಂತ. ಕೊನೆಗೆ ಒಂದು ಚೀಟಿಯಲ್ಲಿ ಏನೇನು ನೋಡಿದರು, ಎಷ್ಟು ವೋಲ್ಟ್ ಬಂತು, ಯಾವ ಕೋಡ್ ಇತ್ತು, ಯಾವುದು ಸರಿ ಇದೆ ಅಂತ ಬರೆದುಕೊಡಲಿ. ಸಿಗದಿದ್ದರೂ ಆ ಚೀಟಿಗೆ ಬೆಲೆ ಇದೆ. ಮುಂದಿನವರು ಮತ್ತೆ ಬ್ಯಾಟರಿಯಿಂದ ಶುರು ಮಾಡಬೇಕಾಗಿಲ್ಲ. ಪಾರ್ಟ್ ಬದಲಿಸಿದರೆ ಹಳೇದನ್ನ ಕೈಗೆ ಕೊಡಲಿ. ಕೋಡ್ ಅಳಿಸೋ ಮುಂಚೆ ಫೋನಿನಲ್ಲಿ ಫೋಟೋ ತೆಗೆದುಕೊಳ್ಳಿ.

ಗಾಡಿಯವರೂ ಒಂದು ಚಿಕ್ಕ ನೋಟ್‌ಬುಕ್ ಡ್ಯಾಶ್‌ಬೋರ್ಡಿನಲ್ಲಿ ಇಟ್ಟುಕೊಳ್ಳಲಿ. ಪ್ರತಿ ಸಲ ನಿಂತಾಗ ಐದೇ ಐದು ವಿಷಯ ಬರೆಯಲಿ:

1. ಎಷ್ಟು ಗಂಟೆ, ಎಲ್ಲಿ.
2. ಮಳೆಯಾ, ಬಿಸಿಲಾ. ಎಂಜಿನ್ ಎಷ್ಟು ಹೊತ್ತಿನಿಂದ ಓಡುತ್ತಿತ್ತು.
3. ಲೈಟು, ವೈಪರ್ರು, ಬ್ಲೋವರ್ರು ಯಾವುದು ಆನ್ ಇತ್ತು.
4. ಲೋಡಿತ್ತಾ, ಖಾಲಿಯಾ. ಹಂಪು, ಗುಂಡಿ, ತಿರುವು ಏನಾದರೂ ಇತ್ತಾ.
5. ನಿಂತಾಗ ಡ್ಯಾಶ್‌ಬೋರ್ಡಿನ ದೀಪಗಳು ಆರಿದವಾ, ಉರೀತಾನೇ ಇದ್ದವಾ.

ಐದನೆಯದು ಬಹಳ ಮುಖ್ಯ. ದೀಪಗಳೂ ಆರಿದ್ದರೆ ಕರೆಂಟಿನ ಮುಖ್ಯ ದಾರಿ ಅಥವಾ ಅರ್ಥಿಂಗಿನ ಕಡೆ ಹುಡುಕಿ. ದೀಪ ಉರೀತಾ ಇದ್ದು ಎಂಜಿನ್ ಮಾತ್ರ ನಿಂತಿದ್ದರೆ ಸೆನ್ಸಾರ್, ರಿಲೇ, ಡೀಸೆಲ್ ಕಡೆ. ಒಂದು ಸಾಲಿನಲ್ಲಿ ಅರ್ಧ ಗಾಡಿಯನ್ನ ಪಕ್ಕಕ್ಕಿಟ್ಟ ಹಾಗಾಯ್ತು. ಭಾಯ್ ಕೇಳಿದ ಮೂರು ಪ್ರಶ್ನೆಗೆ ಉತ್ತರ ಮೊದಲೇ ಬರೆದಿಟ್ಟಿದ್ದರೆ ಆ ಹದಿಮೂರೂವರೆ ಸಾವಿರ ಉಳೀತಿತ್ತೋ ಏನೋ.

ಇದೆಲ್ಲ ಗಾಡಿಯವರು ಮತ್ತು ಮೆಕ್ಯಾನಿಕ್ ನಡುವಿನ ಮಾತು. ಇವರಿಬ್ಬರೂ ಸೇರಿ ಮಾಡಲಾಗದ್ದೂ ಒಂದಿದೆ. ವೈರಿಂಗ್ ನಕ್ಷೆ! ಯಾವ ಬಣ್ಣದ ವೈರು ಎಲ್ಲಿಂದ ಎಲ್ಲಿಗೆ, ಅರ್ಥಿಂಗ್ ಜಾಗಗಳು ಎಲ್ಲೆಲ್ಲಿ ಅನ್ನೋ ನಕ್ಷೆ ಗಲ್ಲಿಯ ಎಲೆಕ್ಟ್ರಿಷಿಯನ್ನಿಗೆ ಸುಲಭಕ್ಕೆ ಸಿಗೋದಿಲ್ಲ. ಕತ್ತಲೆಯಲ್ಲಿ ತಡಕಾಡಿ ಕಲಿತದ್ದೇ ಅವರ ವಿದ್ಯೆ. 2014ರಲ್ಲಿ ಭಾರತದ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಮೀರಿದ ದಂಡ ಹಾಕಿತ್ತು. ಬಿಡಿಭಾಗ, ಪರೀಕ್ಷಾ ಉಪಕರಣಗಳನ್ನ ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಕ್ಕೆ. ಕಂಪನಿಗಳು ಮೇಲ್ಮನವಿಗೆ ಹೋದವು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ 2012ರಲ್ಲಿ ಜನರೇ ಮತ ಹಾಕಿ ರಿಪೇರಿಯ ಹಕ್ಕಿನ ಕಾನೂನು ತಂದುಕೊಂಡರು. ನಮ್ಮಲ್ಲೂ ಕೇಂದ್ರ ಸರ್ಕಾರ 2022ರಲ್ಲಿ ರಿಪೇರಿಯ ಹಕ್ಕಿನ ಬಗ್ಗೆ ಸಮಿತಿ ಮಾಡಿತು, ಆ ವರ್ಷದ ಡಿಸೆಂಬರಿನಲ್ಲಿ ಒಂದು ಪೋರ್ಟಲ್ಲನ್ನೂ ತೆರೆಯಿತು. ಸಮಿತಿ ಆರಿಸಿಕೊಂಡ ವಿಷಯಗಳಲ್ಲಿ ಆಟೋಮೊಬೈಲ್ ಕೂಡ ಇತ್ತು. ಒಳ್ಳೆ ಹೆಜ್ಜೆ. ಆದರೆ ಶೀಟಿನ ನೆರಳಿನಲ್ಲಿ ಕೂತ ಭಾಯ್ ಕೈಗೆ ಅವರ ಭಾಷೆಯಲ್ಲಿ ಒಂದು ನಕ್ಷೆ ಬಂದ ದಿನವೇ ಅದು ಹಕ್ಕು ಅನ್ನಿಸಿಕೊಳ್ಳೋದು.

ಅಂದ ಹಾಗೆ, ರಾಜ್ಯದ ಕೌಶಲ್ಯ ಇಲಾಖೆಯ ಕೌಶಲ್ಯ ಭವನ ಇರೋದು ಡೇರಿ ಸರ್ಕಲ್ಲಿನ ಹತ್ತಿರವೇ. ನಮ್ಮ ಪಾಳ್ಯದಿಂದ ನಡೆದೇ ಹೋಗಬಹುದು. ಐ.ಟಿ.ಐ.ಗಳಲ್ಲಿ ಡೀಸೆಲ್ ಮೆಕ್ಯಾನಿಕ್ ಕಲಿತು ಹುಡುಗರು ಹೊರಬರುತ್ತಾರೆ. ಆದರೆ ಹುಡುಕುವುದನ್ನ ಕಲಿತ ಹುಡುಗನಿಗೂ ಪಾರ್ಟ್ ಬದಲಿಸೋ ಹುಡುಗನಿಗೂ ಬೀದಿಯಲ್ಲಿ ಒಂದೇ ಕೂಲಿ ಸಿಕ್ಕರೆ ಅವನು ಕಷ್ಟಪಟ್ಟು ಹುಡುಕೋದ್ಯಾಕೆ? ಪಾರ್ಟ್ ಮಾರಿದರೆ ಕಮಿಷನ್ನಾದರೂ ಸಿಗುತ್ತೆ. ನಾವು ಯಾವುದಕ್ಕೆ ದುಡ್ಡು ಕೊಡ್ತೀವೋ ಅದೇ ಬೆಳೆಯುತ್ತೆ. ಪಾರ್ಟಿಗೆ ಕೊಟ್ಟೆವು, ಪಾರ್ಟಿನ ಅಂಗಡಿ ಬೆಳೆದವು. ತಲೆಗೆ ಕೊಡಲಿಲ್ಲ, ತಲೆ ಉಪಯೋಗಿಸುವವರು ಕಮ್ಮಿಯಾದರು.

ಮುಂದಿನ ಸಲ ಗಾಡಿ ಬಿಡುವಾಗ "ಎಷ್ಟಾಗುತ್ತೆ?" ಅನ್ನೋದಕ್ಕೆ ಮುಂಚೆ "ಹುಡುಕೋದಕ್ಕೆ ಎಷ್ಟು ತಗೋತೀರಾ?" ಅಂತ ಕೇಳಿ ನೋಡಿ. ಮೆಕ್ಯಾನಿಕ್ ಮುಖದಲ್ಲಿ ಒಂದು ಕ್ಷಣ ಆಶ್ಚರ್ಯ ಕಾಣುತ್ತೆ. ಆಮೇಲೆ ಅವರು ಬಾನೆಟ್ ಎತ್ತೋ ರೀತಿಯೇ ಬೇರೆ ಇರುತ್ತೆ.

ಏನಂತೀರಿ?

ಕೊಸರು: ಲೋಡ್ ಬಾಡಿಗೆ ವೆಲ್ಡಿಂಗ್ ಮಾಡಿಸುವಾಗ ಮೊದಲು ಬ್ಯಾಟರಿಯ ನೆಗೆಟಿವ್ ಕಳಚಿಸಿ. ವೆಲ್ಡಿಂಗಿನ ಅರ್ಥ್ ಕ್ಲಾಂಪನ್ನ ಬೆಸುಗೆ ಹಾಕುವ ಜಾಗದ ಪಕ್ಕದಲ್ಲೇ ಹಾಕಿಸಿ. ಇ.ಸಿ.ಯು. ಕಪ್ಲರ್ ಕೂಡ ತೆಗೆಸಿದರೆ ಇನ್ನೂ ಒಳ್ಳೆಯದು. ಇದಕ್ಕೆ ಖರ್ಚು ಸೊನ್ನೆ, ಬೇಕಾಗಿರೋದು ಒಂದು ಹತ್ತರ ಸ್ಪಾನರ್ರು :)